ಲಾಗಿನ್ ಇತ್ತು, ಬೀಗ ಇರ್ಲಿಲ್ಲ

ಕಳೆದ ವರ್ಷ ನಮ್ಮ ಕನ್ನಡ ಸಂಘದಿಂದ ಒಂದು ಪುಟ್ಟ ವೆಬ್ ಅಪ್ಲಿಕೇಶನ್ ಮಾಡಿದ್ವಿ. ಹೆಸರು ‘ಇಂಟರ್ನ್‌ಶಿಪ್ ಡೈರಿ’. ಪೀಣ್ಯದ ಮಷೀನ್ ಶಾಪ್‌ಗಳಲ್ಲಿ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ಇಂಟರ್ನ್‌ಶಿಪ್ ಮಾಡಿ ಬಂದ ಸೀನಿಯರ್‌ಗಳು ತಮ್ಮ ಅನುಭವ ಬರೆದಿಡಬೇಕು, ಜೂನಿಯರ್‌ಗಳು ಓದಿ ಅರ್ಜಿ ಹಾಕಬೇಕು. ಇಷ್ಟೇ ಉದ್ದೇಶ. ನೋಡ್ ಮೇಲೆ ಎಕ್ಸ್‌ಪ್ರೆಸ್, ಡೇಟಾಬೇಸ್‌ಗೆ ಪೋಸ್ಟ್‌ಗ್ರೆಸ್, ಮುಂದಿನ ಪುಟಗಳಿಗೆ ರಿಯಾಕ್ಟ್. ಲಾಗಿನ್ ಪುಟ ನೋಡೋಕೆ ಚೆನ್ನಾಗಿತ್ತು. ತಪ್ಪು ಪಾಸ್‌ವರ್ಡ್ ಕೊಟ್ಟರೆ ಒಳಗೆ ಬಿಡ್ತಾ ಇರ್ಲಿಲ್ಲ. ಸಾಕಲ್ವಾ ಅಂದ್ಕೊಂಡ್ವಿ.

ಬಿಡುಗಡೆಯಾಗಿ ಮೂರನೇ ವಾರ ಎರಡನೇ ವರ್ಷದ ಹುಡುಗನೊಬ್ಬ ಲ್ಯಾಬ್‌ಗೆ ಬಂದ. “ಅಣ್ಣ, ಒಂದು ತೋರಿಸ್ಲಾ?” ಅಂತ ತನ್ನದೇ ಹೆಸರಲ್ಲಿ ಲಾಗಿನ್ ಆದ. ‘ನನ್ನ ಪುಟ’ ಒತ್ತಿದ. ವಿಳಾಸದ ಪಟ್ಟಿಯಲ್ಲಿ /ಸದಸ್ಯ/41 ಅಂತ ಬಂತು. 41 ಅಳಿಸಿ 42 ಹಾಕಿ ಎಂಟರ್ ಒತ್ತಿದ. ಫೈನಲ್ ಇಯರ್ ಅಕ್ಕನೊಬ್ಬರ ಫೋನ್ ನಂಬರ್, ಅವರು ಇರುವ ಪಿಜಿಯ ವಿಳಾಸ, ಸ್ಟೈಪೆಂಡ್ ಎಲ್ಲ ಪರದೆ ಮೇಲೆ ಬಂತು. 43 ಹಾಕೋಕೆ ಹೋದವನನ್ನ ನಾವೇ ತಡೆದ್ವಿ.

ಬೆವರು ಬಂತು. ಪಿಜಿ ವಿಳಾಸ ಅಂದ್ರೆ ಆಟವಲ್ಲ. ಅವತ್ತು ಸಂಜೆಯೇ ಆ್ಯಪ್ ಮುಚ್ಚಿದ್ವಿ. ಆಮೇಲೆ ಅದನ್ನು ಮೊದಲಿಂದ ಕಟ್ಟುವಾಗ ಕಲಿತದ್ದನ್ನೆಲ್ಲ ಇಲ್ಲಿ ಬರೀತಾ ಇದ್ದೀವಿ. ನಿಮ್ಮಲ್ಲಿ ಬಹಳ ಜನ ಮಿನಿ ಪ್ರಾಜೆಕ್ಟ್‌ಗೆ ಲಾಗಿನ್ ಇರೋ ಆ್ಯಪ್ ಮಾಡೇ ಮಾಡ್ತೀರ. ನಮ್ಮ ತಪ್ಪು ನಿಮ್ಮದೂ ಆಗೋದು ಬೇಡ.

ಸರ್ವರ್‌ಗೆ ಮರೆವು

ಮೊದಲು ಒಂದು ಮೂಲ ವಿಷಯ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ಎಚ್‌ಟಿಟಿಪಿ ಭಾಷೆಗೆ ನೆನಪು ಅನ್ನೋದೇ ಇಲ್ಲ. ಒಂದು ಕೋರಿಕೆ ಬಂತು, ಉತ್ತರ ಕೊಟ್ಟಿತು, ಮರೆತುಬಿಟ್ಟಿತು. ಮರುಕ್ಷಣ ಅದೇ ಬ್ರೌಸರ್ ಇನ್ನೊಂದು ಕೋರಿಕೆ ಕಳಿಸಿದರೂ ಸರ್ವರ್‌ಗೆ ಅದು ಹೊಸ ಮುಖ.

ಪೀಣ್ಯದ ಹತ್ತು ಜನರ ವರ್ಕ್‌ಶಾಪ್‌ನಲ್ಲಿ ಓನರ್‌ಗೆ ಎಲ್ಲರ ಮುಖ ಗೊತ್ತು. ಅಲ್ಲಿ ಐಡಿ ಕಾರ್ಡ್ ಬೇಕಿಲ್ಲ. ವೈಟ್‌ಫೀಲ್ಡ್‌ನ ಟೆಕ್ ಪಾರ್ಕ್ ಗೇಟಲ್ಲಿ ಹಾಗಲ್ಲ. ಬೆಳಿಗ್ಗೆ ಟೀ ಕುಡಿಯೋಕೆ ಹೊರಗೆ ಹೋಗಿ ಐದು ನಿಮಿಷಕ್ಕೆ ವಾಪಸ್ ಬಂದರೂ ಕಾರ್ಡ್ ತೋರಿಸಬೇಕು. ವೆಬ್ ಸರ್ವರ್ ಈ ಎರಡನೇ ಜಾತಿಯದು.

ಈ ಮರೆವಿಗೆ ಮದ್ದು ಕುಕೀ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮೊಂಟುಲಿ ಇದನ್ನು ರೂಪಿಸಿದರು. ಲಾಗಿನ್ ಸರಿಯಾದ ಮೇಲೆ ಸರ್ವರ್ ಒಂದು ದೊಡ್ಡ ಯಾದೃಚ್ಛಿಕ ಸಂಖ್ಯೆ ತಯಾರಿಸಿ ‘ಇದನ್ನ ಇಟ್ಕೋ, ಪ್ರತಿ ಸಲ ಬರುವಾಗ ತೋರಿಸು’ ಅಂತ ಬ್ರೌಸರ್‌ಗೆ ಕೊಡುತ್ತೆ. ತನ್ನ ಕಡೆ ಒಂದು ಪಟ್ಟಿಯಲ್ಲಿ ‘ಈ ಸಂಖ್ಯೆ ಅಂದ್ರೆ 41ನೇ ಸದಸ್ಯ’ ಅಂತ ಬರೆದಿಟ್ಟುಕೊಳ್ಳುತ್ತೆ. ಇದೇ ಸೆಷನ್.

ಇಲ್ಲಿ ಗಮನಿಸಬೇಕಾದ್ದು: ಕುಕೀ ಒಳಗೆ ಸದಸ್ಯ ಸಂಖ್ಯೆಯನ್ನೇ ಬರೆದಿಡಬಾರದು. ಕುಕೀ ಇರೋದು ಬಳಕೆದಾರರ ಕಂಪ್ಯೂಟರಿನಲ್ಲಿ, ಅದನ್ನು ಯಾರು ಬೇಕಾದರೂ ತಿದ್ದಬಹುದು. ಊಹಿಸೋಕೆ ಆಗದ ಸಂಖ್ಯೆಯೇ ಇರಬೇಕು. 128 ಬಿಟ್‌ನ ಸಂಖ್ಯೆ ಅಂದ್ರೆ ಸಾಧ್ಯತೆಗಳ ಲೆಕ್ಕವೇ 39 ಅಂಕಿಯಷ್ಟು ಉದ್ದ. ಒಂದೊಂದಾಗಿ ಹಾಕಿ ನೋಡ್ತೀನಿ ಅನ್ನೋ ಮಾತೇ ಇಲ್ಲ.

ಕುಕೀಗೆ ಮೂರು ಗುರುತು ಹಾಕೋದನ್ನ ಮರೀಬೇಡಿ. ಒಂದು, ಎಚ್‌ಟಿಟಿಪಿ-ಓನ್ಲಿ: ಪುಟದೊಳಗಿನ ಜಾವಾಸ್ಕ್ರಿಪ್ಟ್ ಈ ಕುಕೀಯನ್ನು ಓದೋಕೆ ಆಗಲ್ಲ. ಎರಡು, ಸೆಕ್ಯೂರ್: ಎಚ್‌ಟಿಟಿಪಿಎಸ್ ಇದ್ದರೆ ಮಾತ್ರ ಕುಕೀ ಹೊರಡುತ್ತೆ. ಮೂರು, ಸೇಮ್-ಸೈಟ್: ಬೇರೆ ಸೈಟಿನ ಫಾರ್ಮ್ ಒಂದು ನಿಮ್ಮ ಸರ್ವರ್‌ಗೆ ಕೋರಿಕೆ ಕಳಿಸಿದಾಗ ಕುಕೀ ಜೊತೆಗೆ ಹೋಗದ ಹಾಗೆ ತಡೆಯುತ್ತೆ. ಹಾಗೇ, ಲಾಗಿನ್ ಆದ ಕ್ಷಣದಲ್ಲಿ ಹಳೇ ಸೆಷನ್ ಸಂಖ್ಯೆ ಬಿಸಾಡಿ ಹೊಸದು ಕೊಡಬೇಕು. ಇಲ್ಲದಿದ್ದರೆ ಲಾಗಿನ್‌ಗೆ ಮುಂಚೆ ಆ ಸಂಖ್ಯೆ ಗೊತ್ತಿದ್ದವರು ಲಾಗಿನ್ ಆದ ಮೇಲೂ ಅದೇ ಸಂಖ್ಯೆಯಿಂದ ಒಳಗೆ ಬರ್ತಾರೆ.

ನಾವು ಮಾಡಿದ ಇನ್ನೊಂದು ಎಡವಟ್ಟು: ಎಕ್ಸ್‌ಪ್ರೆಸ್‌ನ ಸೆಷನ್ ಪಟ್ಟಿ ಎಲ್ಲಿರುತ್ತೆ ಅಂತ ನೋಡೇ ಇರ್ಲಿಲ್ಲ. ನಾವೇನೂ ಹೇಳದಿದ್ದರೆ ಅದು ಸರ್ವರ್‌ನ ಮೆಮೊರಿಯಲ್ಲೇ ಇರುತ್ತೆ. ಸರ್ವರ್ ಮರುಚಾಲನೆ ಆದಾಗಲೆಲ್ಲ ಎಲ್ಲರೂ ಲಾಗ್‌ಔಟ್! ಎರಡು ಸರ್ವರ್ ಇಟ್ಟರಂತೂ ಒಂದರ ಪಟ್ಟಿ ಇನ್ನೊಂದಕ್ಕೆ ಗೊತ್ತೇ ಇರಲ್ಲ. ಈಗ ಆ ಪಟ್ಟಿಯನ್ನು ಪೋಸ್ಟ್‌ಗ್ರೆಸ್‌ನಲ್ಲೇ ಒಂದು ಟೇಬಲ್ ಮಾಡಿ ಇಟ್ಟಿದ್ದೀವಿ.

ಬೋರ್ಡ್ ನೋಡಿ ಬಸ್ ಹತ್ತಿ

ಇನ್ನು ರೂಟಿಂಗ್. ಮೆಜೆಸ್ಟಿಕ್‌ನಲ್ಲಿ ನಿಂತು ಕಾಡುಗೋಡಿಗೆ ಹೋಗಬೇಕಾದವರು 335ಇ ಬೋರ್ಡ್ ಹುಡುಕ್ತಾರೆ. ಬೋರ್ಡ್ ಮೇಲಿನ ನಂಬರ್ ಯಾವ ದಾರಿ ಅಂತ ಹೇಳುತ್ತೆ. ವೆಬ್ ಆ್ಯಪ್‌ನಲ್ಲೂ ಒಂದು ಪಟ್ಟಿ ಇರುತ್ತೆ: ಈ ವಿಧಾನ, ಈ ವಿಳಾಸ ಬಂದರೆ ಈ ಫಂಕ್ಷನ್ ಓಡಿಸು. ನಮ್ಮ ಪಟ್ಟಿ ಹೀಗಿತ್ತು:

ಗೆಟ್ /ಲಾಗಿನ್ – ಫಾರ್ಮ್ ತೋರಿಸು
ಪೋಸ್ಟ್ /ಲಾಗಿನ್ – ಹೆಸರು, ಪಾಸ್‌ವರ್ಡ್ ಪರೀಕ್ಷಿಸು
ಗೆಟ್ /ಡೈರಿ – ಎಲ್ಲ ಬರಹಗಳ ಪಟ್ಟಿ
ಗೆಟ್ /ಡೈರಿ/:ಸಂಖ್ಯೆ – ಒಂದು ಬರಹ
ಗೆಟ್ /ಡೈರಿ/ಹೊಸತು – ಹೊಸ ಬರಹದ ಫಾರ್ಮ್
ಗೆಟ್ /ಸದಸ್ಯ/:ಸಂಖ್ಯೆ – ಸದಸ್ಯರ ಪುಟ
ಗೆಟ್ /ಲಾಗ್‌ಔಟ್ – ಹೊರಗೆ

ಇದರಲ್ಲಿ ಮೂರು ತಪ್ಪಿವೆ. ಮುಂದೆ ಓದೋ ಮುಂಚೆ ಒಂದು ನಿಮಿಷ ನೀವೇ ಹುಡುಕಿ.

ಮೊದಲನೆಯದು ಸಾಲಿನ ಕ್ರಮ. ಎಕ್ಸ್‌ಪ್ರೆಸ್ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡ್ತಾ ಹೋಗಿ ಮೊದಲು ಹೊಂದಿದ ಸಾಲನ್ನೇ ಹಿಡಿಯುತ್ತೆ. /ಡೈರಿ/ಹೊಸತು ಅಂತ ಬಂದಾಗ ‘:ಸಂಖ್ಯೆ’ ಇರುವ ಸಾಲೇ ಮೊದಲು ಸಿಗುತ್ತೆ. ‘ಹೊಸತು’ ಅನ್ನೋದನ್ನೇ ಸಂಖ್ಯೆ ಅಂದ್ಕೊಂಡು ಡೇಟಾಬೇಸ್‌ನಲ್ಲಿ ಹುಡುಕೋಕೆ ಹೋಗಿ ಎಡವುತ್ತೆ. ನಿರ್ದಿಷ್ಟವಾದ ಸಾಲು ಮೇಲೆ ಇರಬೇಕು, ಎಲ್ಲವನ್ನೂ ಹಿಡಿಯುವ ಸಾಲು ಕೆಳಗೆ.

ಎರಡನೆಯದು ಲಾಗ್‌ಔಟ್. ಗೆಟ್ ಅಂದ್ರೆ ‘ತೋರಿಸು’ ಅಂತ ಮಾತ್ರ, ಅದರಿಂದ ಏನೂ ಬದಲಾಗಬಾರದು. ಬ್ರೌಸರ್‌ಗಳು ಕೆಲವೊಮ್ಮೆ ವೇಗಕ್ಕೋಸ್ಕರ ಕೊಂಡಿಗಳನ್ನು ನಾವು ಒತ್ತುವ ಮುಂಚೆಯೇ ತಂದಿಟ್ಟುಕೊಳ್ಳುತ್ತವೆ. ಲಾಗ್‌ಔಟ್ ಗೆಟ್‌ನಲ್ಲಿದ್ದರೆ ಒತ್ತದೇ ಇದ್ದರೂ ಹೊರಗೆ ಬೀಳ್ತೀರ. ಅಳಿಸುವ ಬಟನ್ ಗೆಟ್‌ನಲ್ಲಿದ್ದರೆ ಏನಾಗಬಹುದು ಅಂತ ಯೋಚನೆ ಮಾಡಿ. ಬದಲಾವಣೆ ಮಾಡುವುದೆಲ್ಲ ಪೋಸ್ಟ್‌ನಲ್ಲೇ ಇರಲಿ.

ಮೂರನೆಯದು ಆ 41. ಅದಕ್ಕೆ ಆಮೇಲೆ ಬರ್ತೀವಿ.

ರಿಯಾಕ್ಟ್ ಬಳಸೋರಿಗೆ ಒಂದು ಮಾತು. ಅಲ್ಲಿ ಎರಡು ರೂಟಿಂಗ್ ಇರುತ್ತೆ, ಒಂದು ಬ್ರೌಸರ್ ಒಳಗೆ, ಇನ್ನೊಂದು ಸರ್ವರ್‌ನಲ್ಲಿ. ಮೆನು ಒತ್ತಿ /ಡೈರಿಗೆ ಹೋದ್ರೆ ಪುಟ ಬರುತ್ತೆ, ಅಲ್ಲೇ ರಿಫ್ರೆಶ್ ಮಾಡಿದ್ರೆ 404. ಕಾರಣ ಸರಳ: ಒತ್ತಿದಾಗ ಪುಟ ಬದಲಿಸಿದ್ದು ಬ್ರೌಸರ್ ಒಳಗಿನ ರಿಯಾಕ್ಟ್, ರಿಫ್ರೆಶ್ ಮಾಡಿದಾಗ ಕೋರಿಕೆ ನೇರ ಸರ್ವರ್‌ಗೆ ಹೋಯ್ತು, ಅದಕ್ಕೆ ಆ ವಿಳಾಸ ಗೊತ್ತಿಲ್ಲ. ಗೊತ್ತಿಲ್ಲದ ಪುಟದ ವಿಳಾಸ ಬಂದರೆ ಮುಖ್ಯ ಪುಟವನ್ನೇ ಕೊಡು ಅಂತ ಸರ್ವರ್‌ಗೆ ಹೇಳಬೇಕು. ಡೇಟಾ ಕೊಡುವ ವಿಳಾಸಗಳನ್ನು ಮಾತ್ರ ಇದರಿಂದ ಹೊರಗಿಡಿ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಬ್ರೌಸರ್ ಒಳಗಿನ ರೂಟಿಂಗ್ ಯಾರನ್ನೂ ತಡೆಯಲ್ಲ. ‘ಲಾಗಿನ್ ಆಗಿಲ್ಲದಿದ್ದರೆ ಈ ಪುಟ ತೋರಿಸಬೇಡ’ ಅಂತ ರಿಯಾಕ್ಟ್‌ನಲ್ಲಿ ಬರೆದದ್ದು ಬಳಕೆದಾರರ ಅನುಕೂಲಕ್ಕೆ ಮಾತ್ರ. ಆ ಕೋಡ್ ಅವರ ಕಂಪ್ಯೂಟರಿನಲ್ಲೇ ಓಡೋದು. ಪರದೆ ಮೇಲೆ ಬಟನ್ ಇಲ್ಲ ಅಂದ ಮಾತ್ರಕ್ಕೆ ಕೋರಿಕೆ ಕಳಿಸೋಕೆ ಆಗಲ್ಲ ಅಂತಲ್ಲ. ತಡೆ ಹಾಕಬೇಕಾದ್ದು ಸರ್ವರ್‌ನಲ್ಲಿ.

ಪಾಸ್‌ವರ್ಡ್ ಇಟ್ಟುಕೊಳ್ಳಬೇಡಿ

ಪಾಸ್‌ವರ್ಡ್ ಪರೀಕ್ಷಿಸೋಕೆ ಪಾಸ್‌ವರ್ಡ್ ನಮ್ಮ ಹತ್ತಿರ ಇರಬೇಕಿಲ್ಲ. ಅದರ ಹ್ಯಾಶ್ ಸಾಕು. ಹ್ಯಾಶ್ ಅಂದ್ರೆ ಒಂದು ದಿಕ್ಕಿನ ಲೆಕ್ಕ. ರಾಗಿ ಬೀಸಿದರೆ ಹಿಟ್ಟು ಬರುತ್ತೆ, ಹಿಟ್ಟಿನಿಂದ ರಾಗಿ ಬರಲ್ಲ. ಲಾಗಿನ್ ಮಾಡುವಾಗ ಕೊಟ್ಟ ಪಾಸ್‌ವರ್ಡನ್ನು ಮತ್ತೆ ಬೀಸಿ, ಇಟ್ಟುಕೊಂಡ ಹಿಟ್ಟಿಗೂ ಇದಕ್ಕೂ ಹೊಂದುತ್ತಾ ಅಂತ ನೋಡೋದು.

ಆದರೆ ಯಾವ ಹ್ಯಾಶ್ ಅನ್ನೋದು ಮುಖ್ಯ. 2012ರಲ್ಲಿ ಲಿಂಕ್ಡ್‌ಇನ್‌ನ ಸುಮಾರು 65 ಲಕ್ಷ ಪಾಸ್‌ವರ್ಡ್ ಹ್ಯಾಶ್‌ಗಳು ಹೊರಬಿದ್ದವು. ಬಳಸಿದ್ದು ಎಸ್‌ಎಚ್‌ಎ-1, ಅದೂ ಉಪ್ಪಿಲ್ಲದೆ. ಉಪ್ಪು ಅಂದ್ರೆ ಪ್ರತಿ ಸದಸ್ಯರ ಪಾಸ್‌ವರ್ಡ್ ಜೊತೆ ಸೇರಿಸುವ ಬೇರೆ ಬೇರೆ ಯಾದೃಚ್ಛಿಕ ತುಣುಕು. ಅದಿಲ್ಲದಿದ್ದರೆ ಒಂದೇ ಪಾಸ್‌ವರ್ಡ್ ಇಟ್ಟ ಸಾವಿರ ಜನರ ಹ್ಯಾಶ್ ಒಂದೇ ಆಗಿರುತ್ತೆ, ಒಂದು ಮುರಿದರೆ ಸಾವಿರವೂ ಮುರಿದ ಹಾಗೆ. ನಮ್ಮೂರಿನ ಉದಾಹರಣೆಯೂ ಇದೆ. ಬೆಂಗಳೂರಿನ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಬಳಕೆದಾರರ ಮಾಹಿತಿ ಸೋರಿದೆ ಅನ್ನೋ ಸುದ್ದಿ 2020ರ ನವೆಂಬರ್‌ನಲ್ಲಿ ಬಂತು. 2021ರ ಏಪ್ರಿಲ್‌ನಲ್ಲಿ ಆ ಮಾಹಿತಿಯನ್ನು ಅಂತರ್ಜಾಲಕ್ಕೆ ಹಾಕಲಾಯಿತು. ಅದರಲ್ಲಿದ್ದ ಪಾಸ್‌ವರ್ಡ್‌ಗಳೂ ಎಸ್‌ಎಚ್‌ಎ-1 ಹ್ಯಾಶ್‌ಗಳೇ ಅಂತ ವರದಿಯಾಯಿತು.

ಎಸ್‌ಎಚ್‌ಎ-1ರ ದೋಷ ಅದರ ವೇಗ. ಗೇಮ್ ಆಡೋರ ಹತ್ತಿರ ಇರುವ ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಒಂದು ಸೆಕೆಂಡಿಗೆ ನೂರಾರು ಕೋಟಿ ಸಲ ಅದನ್ನು ಲೆಕ್ಕ ಹಾಕುತ್ತೆ. ಪಾಸ್‌ವರ್ಡ್‌ಗೆ ಬೇಕಾದ್ದು ಬೇಕಂತಲೇ ನಿಧಾನ ಮಾಡಿದ ಹ್ಯಾಶ್. 1999ರಲ್ಲಿ ಬಂದ ಬಿಕ್ರಿಪ್ಟ್, 2015ರ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ ಗೆದ್ದ ಆರ್ಗಾನ್2, ಎರಡೂ ಅಂಥವು. ಬಿಕ್ರಿಪ್ಟ್‌ನಲ್ಲಿ ಒಂದು ವೆಚ್ಚದ ಸಂಖ್ಯೆ ಕೊಡಬೇಕು. 12 ಕೊಟ್ಟರೆ 4096 ಸುತ್ತು, 13 ಕೊಟ್ಟರೆ 8192. ಒಬ್ಬರು ಲಾಗಿನ್ ಆಗೋದು ಒಂದು ಕ್ಷಣ ತಡವಾದರೆ ಯಾರಿಗೂ ಗೊತ್ತಾಗಲ್ಲ. ಕೋಟಿಗಟ್ಟಲೆ ಊಹೆ ಮಾಡೋಕೆ ಕೂತವರಿಗೆ ಮಾತ್ರ ಅದೇ ಕ್ಷಣ ವರ್ಷಗಳಾಗುತ್ತೆ. ಈ ಎರಡರ ಲೈಬ್ರರಿಗಳೂ ಉಪ್ಪನ್ನು ಸಾಮಾನ್ಯವಾಗಿ ತಾವೇ ಹಾಕುತ್ತವೆ.

ಇನ್ನೊಂದು ಸಣ್ಣ ವಿಷಯ. ‘ಈ ಹೆಸರಿನವರು ಇಲ್ಲ’, ‘ಪಾಸ್‌ವರ್ಡ್ ತಪ್ಪು’ ಅಂತ ಬೇರೆ ಬೇರೆ ಸಂದೇಶ ಕೊಡಬೇಡಿ. ಯಾರ್ಯಾರು ಸದಸ್ಯರು ಅಂತ ಅದರಿಂದಲೇ ಗೊತ್ತಾಗುತ್ತೆ. ‘ಹೆಸರು ಅಥವಾ ಪಾಸ್‌ವರ್ಡ್ ಸರಿಯಿಲ್ಲ’ ಅಂತ ಒಂದೇ ಸಂದೇಶ ಸಾಕು.

ಹಿಂಬಾಗಿಲ ಕಥೆ

ಲಾಗಿನ್ ಬಾಗಿಲಿಗೆ ಎಷ್ಟೇ ಭದ್ರತೆ ಮಾಡಿದರೂ ‘ಪಾಸ್‌ವರ್ಡ್ ಮರೆತಿರಾ?’ ಅನ್ನೋ ಇನ್ನೊಂದು ಬಾಗಿಲು ಇದ್ದೇ ಇರುತ್ತೆ. ಇದರ ಬಗ್ಗೆ ಬೆಂಗಳೂರಿನಿಂದಲೇ ಹೊರಟ ಒಂದು ಪ್ರಸಿದ್ಧ ಪ್ರಕರಣ ಇದೆ. 2016ರ ಫೆಬ್ರವರಿಯಲ್ಲಿ, ಆಗ ಫ್ಲಿಪ್‌ಕಾರ್ಟ್‌ನಲ್ಲಿ ಸೆಕ್ಯುರಿಟಿ ಎಂಜಿನಿಯರ್ ಆಗಿದ್ದ ಆನಂದ್ ಪ್ರಕಾಶ್ ಫೇಸ್‌ಬುಕ್‌ನಲ್ಲಿ ಒಂದು ದೋಷ ಕಂಡುಹಿಡಿದರು.

ಪಾಸ್‌ವರ್ಡ್ ಮರೆತರೆ ಫೇಸ್‌ಬುಕ್ ಫೋನಿಗೆ 6 ಅಂಕಿಯ ಕೋಡ್ ಕಳಿಸುತ್ತಿತ್ತು. 6 ಅಂಕಿ ಅಂದ್ರೆ ಸಾಧ್ಯತೆ 10 ಲಕ್ಷ. ಕಂಪ್ಯೂಟರಿಗೆ ಅದು ದೊಡ್ಡ ಸಂಖ್ಯೆಯೇನಲ್ಲ, ಆದ್ದರಿಂದ ಹತ್ತು ಹನ್ನೆರಡು ತಪ್ಪು ಪ್ರಯತ್ನ ಆದ ಮೇಲೆ ಮುಖ್ಯ ಸೈಟ್ ತಡೆಯುತ್ತಿತ್ತು. ಅದೇ ಕೆಲಸ ಮಾಡುವ ಬೀಟಾ ವಿಳಾಸದಲ್ಲಿ ಮಾತ್ರ ಈ ತಡೆ ಇರ್ಲಿಲ್ಲ! ಅಲ್ಲಿ 10 ಲಕ್ಷವನ್ನೂ ಹಾಕಿ ನೋಡಬಹುದಿತ್ತು, ಯಾರ ಖಾತೆಗೆ ಬೇಕಾದರೂ ಹೊಸ ಪಾಸ್‌ವರ್ಡ್ ಇಡಬಹುದಿತ್ತು. ಅವರು ಪ್ರಯೋಗಿಸಿದ್ದು ತಮ್ಮದೇ ಖಾತೆ ಮೇಲೆ. ಕಂಪನಿಗೆ ತಿಳಿಸಿದರು, ಮರುದಿನವೇ ಸರಿಯಾಯಿತು, 15,000 ಡಾಲರ್ ಬಹುಮಾನ ಬಂತು.

ಇದರಲ್ಲಿ ರೂಟಿಂಗ್ ಪಾಠವೂ ಇದೆ. ಒಂದೇ ಕೆಲಸಕ್ಕೆ ಎರಡು ದಾರಿ ಇದ್ದರೆ ಕಾವಲು ಎರಡರಲ್ಲೂ ಇರಬೇಕು. ನಮ್ಮ ಆ್ಯಪ್‌ನಲ್ಲೂ ಪುಟ ಕೊಡುವ ದಾರಿ ಒಂದು, ಅದೇ ಮಾಹಿತಿಯನ್ನು ಜೇಸನ್ ರೂಪದಲ್ಲಿ ಕೊಡುವ ದಾರಿ ಇನ್ನೊಂದು ಇತ್ತು. ಹುಡುಕಿದಾಗ ಎರಡನೆಯದರಲ್ಲಿ ಲಾಗಿನ್ ಪರೀಕ್ಷೆಯೂ ಇರ್ಲಿಲ್ಲ ಅಂತ ಗೊತ್ತಾಯ್ತು.

ಗೇಟ್ ಬೇರೆ, ರೂಮ್ ಬೇರೆ

ಈಗ 41ಕ್ಕೆ ಬರೋಣ. ಟೆಕ್ ಪಾರ್ಕ್ ಗೇಟಲ್ಲಿ ಕಾರ್ಡ್ ತೋರಿಸಿ ಒಳಗೆ ಹೋದ್ರಿ. ಅಲ್ಲಿಗೆ ನೀವು ಯಾರು ಅಂತ ಗೊತ್ತಾಯ್ತು. ಆದರೆ ಮೂರನೇ ಮಹಡಿಯ ಸರ್ವರ್ ರೂಮ್ ಬಾಗಿಲಿಗೆ ಅದೇ ಕಾರ್ಡ್ ಮುಟ್ಟಿಸಿದರೆ ಕೆಂಪು ದೀಪ ಬರುತ್ತೆ. ನೀವು ಯಾರು ಅನ್ನೋದು ಒಂದು ಪ್ರಶ್ನೆ, ಇಲ್ಲಿಗೆ ಬರೋಕೆ ನಿಮಗೆ ಅನುಮತಿ ಇದೆಯಾ ಅನ್ನೋದು ಇನ್ನೊಂದು. ಮೊದಲನೆಯದನ್ನು ಅಥೆಂಟಿಕೇಶನ್ ಅಂತಾರೆ, ಎರಡನೆಯದನ್ನು ಆಥರೈಸೇಶನ್ ಅಂತಾರೆ. ಪರೀಕ್ಷೆಗೆ ಈ ವ್ಯತ್ಯಾಸವನ್ನು ನಾವೆಲ್ಲ ಬಾಯಿಪಾಠ ಮಾಡಿದ್ವಿ. ಕೋಡ್ ಬರೆಯುವಾಗ ಮರೆತ್ವಿ. ಗೇಟಲ್ಲಿ ಸೆಕ್ಯುರಿಟಿ ನಿಲ್ಲಿಸಿ ಒಳಗಿನ ಎಲ್ಲ ರೂಮ್ ಬಾಗಿಲು ತೆಗೆದಿಟ್ಟಿದ್ವಿ.

ಈ ತಪ್ಪು ನಮ್ಮದು ಮಾತ್ರ ಅಲ್ಲ. ವೆಬ್ ಭದ್ರತೆಯ ಬಗ್ಗೆ ಕೆಲಸ ಮಾಡುವ ಒವಾಸ್ಪ್ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಹತ್ತು ಮುಖ್ಯ ದೋಷಗಳ ಪಟ್ಟಿಯಲ್ಲಿ ಅನುಮತಿ ಪರೀಕ್ಷೆಯ ಲೋಪವೇ ಮೊದಲ ಸ್ಥಾನದಲ್ಲಿತ್ತು. ಅದಕ್ಕೂ ಹಿಂದಿನ ಪಟ್ಟಿಯಲ್ಲಿ ಅದು ಐದನೇ ಸ್ಥಾನದಲ್ಲಿತ್ತು.

ನಾವು ಸರಿ ಮಾಡಿದ್ದು ಹೀಗೆ. ‘ನನ್ನ ಪುಟ’ಕ್ಕೆ ಸಂಖ್ಯೆಯೇ ಬೇಕಿರ್ಲಿಲ್ಲ. ಲಾಗಿನ್ ಆದವರು ಯಾರು ಅಂತ ಸೆಷನ್‌ಗೆ ಗೊತ್ತಿದೆ. ವಿಳಾಸವನ್ನು /ನನ್ನ-ಪುಟ ಅಂತ ಬದಲಿಸಿ ಸಂಖ್ಯೆಯನ್ನು ಸೆಷನ್‌ನಿಂದಲೇ ತೆಗೆದುಕೊಂಡ್ವಿ. ಬದಲಿಸಿ ನೋಡೋಕೆ ವಿಳಾಸದಲ್ಲಿ ಏನೂ ಉಳಿಯಲಿಲ್ಲ.

ಬರಹ ತಿದ್ದುವ ಪುಟಕ್ಕೆ ಸಂಖ್ಯೆ ಬೇಕೇ ಬೇಕು. ಅಲ್ಲಿ ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯನ್ನೇ ಬದಲಿಸಿದ್ವಿ. ಮೊದಲು ‘ಸಂಖ್ಯೆ 41 ಇರುವ ಸಾಲು ಕೊಡು’ ಅಂತಿತ್ತು. ಈಗ ‘ಸಂಖ್ಯೆ 41 ಇರುವ, ಬರೆದವರು ಈ ಸೆಷನ್‌ನವರೇ ಆಗಿರುವ ಸಾಲು ಕೊಡು’. ಬೇರೆಯವರ ಬರಹವಾದರೆ ಸಾಲೇ ಸಿಗಲ್ಲ, 404 ಹೋಗುತ್ತೆ. 403 ಕೊಟ್ಟರೂ ತಪ್ಪಲ್ಲ, ಆದರೆ ‘ಇಲ್ಲಿ ಏನೋ ಇದೆ, ನಿನಗಲ್ಲ’ ಅಂತ ಅದು ಸುಳಿವು ಕೊಟ್ಟ ಹಾಗೆ. ಲಾಗಿನ್ ಆಗದೇ ಬಂದವರು ಪುಟ ಕೇಳಿದರೆ ಲಾಗಿನ್ ಪುಟಕ್ಕೆ ಕಳಿಸ್ತೀವಿ, ಡೇಟಾ ಕೇಳಿದರೆ 401.

‘1, 2, 3ರ ಬದಲು ಊಹಿಸಲಾಗದ ಉದ್ದ ಸಂಖ್ಯೆ ಇಟ್ಟರೆ ಸಾಕಲ್ವಾ?’ ಅಂತ ಗೆಳೆಯರು ಕೇಳಿದರು. ಇಡಿ, ಒಳ್ಳೇದೇ. ಆದರೆ ಯಾರಾದರೂ ಆ ಕೊಂಡಿಯನ್ನು ವಾಟ್ಸಾಪ್‌ನಲ್ಲಿ ಹಾಕಿದರೆ ಮುಗೀತು. ಅನುಮತಿ ಪರೀಕ್ಷೆಗೆ ಅದು ಬದಲಿಯಲ್ಲ.

ಕಾವಲಿನ ಕ್ರಮವೂ ಮುಖ್ಯ. ಎಕ್ಸ್‌ಪ್ರೆಸ್‌ನಲ್ಲಿ ಮೊದಲು ಸೆಷನ್ ಓದುವ ಹಂತ, ಆಮೇಲೆ ಎಲ್ಲರಿಗೂ ತೆರೆದ ದಾರಿಗಳು, ಆಮೇಲೆ ಕಾವಲು, ಅದರ ಕೆಳಗೆ ಉಳಿದದ್ದೆಲ್ಲ. ಹೀಗಿಟ್ಟರೆ ನಾಳೆ ಹೊಸ ದಾರಿ ಸೇರಿಸುವ ಜೂನಿಯರ್ ಏನೂ ಯೋಚಿಸದೇ ಇದ್ದರೂ ಅದು ಕಾವಲಿನ ಒಳಗೇ ಬೀಳುತ್ತೆ. ನಾವು ಮೊದಲ ಸಲ ಕಾವಲನ್ನು /ಲಾಗಿನ್‌ಗಿಂತಲೂ ಮೇಲೆ ಇಟ್ಟುಬಿಟ್ಟಿದ್ವಿ. ಲಾಗಿನ್ ಆಗಿಲ್ವಾ, ಲಾಗಿನ್ ಪುಟಕ್ಕೆ ಹೋಗು. ಲಾಗಿನ್ ಪುಟ ನೋಡೋಕೆ ಲಾಗಿನ್ ಆಗಿರಬೇಕು, ಆಗಿಲ್ವಾ, ಲಾಗಿನ್ ಪುಟಕ್ಕೆ ಹೋಗು. ಬ್ರೌಸರ್ ಸುತ್ತಿ ಸುತ್ತಿ ಸುಸ್ತಾಗಿ ಕೈಚೆಲ್ಲಿತು.

ಲಾಗಿನ್ ಆದ ಮೇಲೆ ಮೊದಲು ಹೋಗಬೇಕೆಂದಿದ್ದ ಪುಟಕ್ಕೇ ಕಳಿಸೋದು ಒಳ್ಳೇ ಅಭ್ಯಾಸ. ಅದಕ್ಕಾಗಿ ಆ ವಿಳಾಸವನ್ನು ಲಾಗಿನ್ ಕೊಂಡಿಗೆ ಅಂಟಿಸ್ತೀವಿ. ಅಲ್ಲಿ ಯಾರಾದರೂ ತಮ್ಮ ನಕಲಿ ಸೈಟಿನ ವಿಳಾಸ ಅಂಟಿಸಿ ಕಳಿಸಿದರೆ? ಕೊಂಡಿ ನಮ್ಮದೇ, ಲಾಗಿನ್ ಪುಟವೂ ನಮ್ಮದೇ, ಆದರೆ ಆಮೇಲೆ ತಲುಪೋದು ಮೋಸಗಾರರ ಮನೆಗೆ. ಆದ್ದರಿಂದ ನಮ್ಮ ಸೈಟಿನೊಳಗಿನ ವಿಳಾಸ ಮಾತ್ರ ಒಪ್ಪಬೇಕು. ಓರೆಗೆರೆಯಿಂದ ಶುರುವಾದರೆ ಸಾಕು ಅಂದ್ಕೋಬೇಡಿ. ಎರಡು ಓರೆಗೆರೆಯಿಂದ ಶುರುವಾದರೆ ಬ್ರೌಸರ್ ಅದನ್ನು ಬೇರೆ ಸೈಟ್ ಅಂತಲೇ ಓದುತ್ತೆ. ನಾವು ಅನುಮತಿಸಿದ ದಾರಿಗಳ ಪಟ್ಟಿಯನ್ನೇ ಇಟ್ಟುಕೊಂಡ್ವಿ.

ಕನ್ನಡದಲ್ಲಿ ಮಾಡೋರಿಗೆ ನಾಲ್ಕು ಮಾತು

ಇದು ಯಾವ ಟ್ಯುಟೋರಿಯಲ್‌ನಲ್ಲೂ ನಮಗೆ ಸಿಗಲಿಲ್ಲ. ವಿಳಾಸಗಳನ್ನು ಕನ್ನಡದಲ್ಲೇ ಇಡೋಣ ಅಂತ ಹಟ ಹಿಡಿದಿದ್ದು ನಾವೇ, ಆದ್ದರಿಂದ ಅನುಭವಿಸಿದ್ದೂ ನಾವೇ.

ಒಂದು. ಬ್ರೌಸರ್ ಪಟ್ಟಿಯಲ್ಲಿ /ಡೈರಿ ಅಂತ ಕಂಡರೂ ತಂತಿಯಲ್ಲಿ ಹೋಗೋದು ಬೇರೆ. ‘ಡೈರಿ’ಯಲ್ಲಿ ಯೂನಿಕೋಡ್ ಲೆಕ್ಕದಲ್ಲಿ 4 ಸಂಕೇತ: ಡ, ಐತ್ವ, ರ, ಗುಡಿಸು. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್, ಒಟ್ಟು 12. ವಿಳಾಸದಲ್ಲಿ ಪ್ರತಿ ಬೈಟ್ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿಯಾಗುತ್ತೆ, ಅಂದ್ರೆ 36 ಅಕ್ಷರ. ಎಕ್ಸ್‌ಪ್ರೆಸ್ ದಾರಿ ಹೋಲಿಸುವಾಗ ಈ ಸಂಕೇತ ರೂಪವನ್ನೇ ನೋಡುತ್ತೆ. ಪಟ್ಟಿಯಲ್ಲಿ ಸುಮ್ಮನೆ ಕನ್ನಡದಲ್ಲಿ ಬರೆದರೆ 404. ಆ ಹೆಸರನ್ನೂ ಅದೇ ಸಂಕೇತ ರೂಪಕ್ಕೆ ತಿರುಗಿಸಿ ಕೊಡಬೇಕು.

ಎರಡು. ‘ಕೊ’ ಅನ್ನೋದನ್ನ ಎರಡು ಥರ ಬರೆಯಬಹುದು. ಕ ಮತ್ತು ಒತ್ವದ ಒಂದೇ ಸಂಕೇತ, ಅಥವಾ ಕ, ಎತ್ವ, ಊತ್ವದ ಕೊಂಬು ಅಂತ ಮೂರು ಸಂಕೇತ. ಕಣ್ಣಿಗೆ ಎರಡೂ ಒಂದೇ, ಬೈಟ್‌ಗಳು ಬೇರೆ, ಆದ್ದರಿಂದ ಹ್ಯಾಶೂ ಬೇರೆ. ಕನ್ನಡದಲ್ಲಿ ಪಾಸ್‌ವರ್ಡ್ ಇಟ್ಟವರು ಬೇರೆ ಕೀಬೋರ್ಡಿನಿಂದ ಬಂದಾಗ ಸರಿಯಾಗಿಯೇ ಟೈಪ್ ಮಾಡಿದರೂ ಒಳಗೆ ಬರೋಕೆ ಆಗದೇ ಇರಬಹುದು. ಹ್ಯಾಶ್ ಮಾಡುವ ಮುಂಚೆ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದರೆ ಸಮಸ್ಯೆ ಹೋಗುತ್ತೆ. ಹೆಸರುಗಳ ನಡುವೆ ಅಡಗಿರುವ ಕಾಣದ ಜೋಡಕ, ವಿಭಜಕ ಸಂಕೇತಗಳನ್ನು ಮಾತ್ರ ಎನ್‌ಎಫ್‌ಸಿ ತೆಗೆಯಲ್ಲ. ಬಳಕೆದಾರರ ಹೆಸರು ಹೋಲಿಸುವಾಗ ಅವನ್ನು ನಾವೇ ತೆಗೆಯಬೇಕು. ಇಲ್ಲದಿದ್ದರೆ ಒಂದೇ ಥರ ಕಾಣುವ ಇಬ್ಬರು ‘ರಾಜ್‌ಕುಮಾರ್’ ಹುಟ್ಟಿಕೊಳ್ತಾರೆ.

ಮೂರು. ಬಿಕ್ರಿಪ್ಟ್ ಮೊದಲ 72 ಬೈಟ್ ಮಾತ್ರ ಗಣನೆಗೆ ತೆಗೆದುಕೊಳ್ಳುತ್ತೆ. ಇಂಗ್ಲಿಷ್‌ನವರಿಗೆ ಅದು 72 ಅಕ್ಷರ. ಕನ್ನಡದಲ್ಲಿ 24 ಸಂಕೇತಕ್ಕೇ ಮುಗೀತು, ಅದೂ ಒತ್ತು, ಗುಣಿತ ಎಲ್ಲ ಸೇರಿ. ಉದ್ದ ವಾಕ್ಯವನ್ನೇ ಪಾಸ್‌ವರ್ಡ್ ಮಾಡಿದವರ ಎರಡನೇ ಅರ್ಧ ಲೆಕ್ಕಕ್ಕೇ ಇಲ್ಲ. ನಾವು ಆರ್ಗಾನ್2ಗೆ ಹೋಗಿದ್ದು ಈ ಕಾರಣಕ್ಕೇ.

ನಾಲ್ಕು. ಯಾರಾದರೂ 41ರ ಬದಲು ೪೧ ಅಂತ ಹಾಕಿದರೆ? ಪೈಥಾನ್‌ನ ಪೂರ್ಣಾಂಕ ಫಂಕ್ಷನ್ ಅದನ್ನು ಒಪ್ಪಿಕೊಂಡು 41 ಅನ್ನುತ್ತೆ, ಜಾವಾಸ್ಕ್ರಿಪ್ಟ್ ಒಪ್ಪಲ್ಲ. ಎರಡೂ ಭಾಷೆ ಬಳಸುವ ಪ್ರಾಜೆಕ್ಟ್‌ನಲ್ಲಿ ಒಂದು ಕಡೆ ತಡೆದದ್ದು ಇನ್ನೊಂದು ಕಡೆ ನುಸುಳಬಹುದು. ಎಲ್ಲಿ ಪರಿವರ್ತನೆ ಅಂತ ಒಂದೇ ಕಡೆ ತೀರ್ಮಾನ ಮಾಡಿ.

ಇದೆಲ್ಲ ಯಾಕೆ ಮುಖ್ಯ

2021ರ ಜೂನ್ 7ರಂದು ಆದಾಯ ತೆರಿಗೆ ಇಲಾಖೆಯ ಹೊಸ ಪೋರ್ಟಲ್ ಶುರುವಾಯ್ತು. ಕಟ್ಟಿದ್ದು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೇಂದ್ರ ಕಚೇರಿ ಇರುವ ಇನ್ಫೋಸಿಸ್. ಮೊದಲ ದಿನದಿಂದಲೇ ತೊಂದರೆಗಳ ದೂರು ಬಂತು. ಆಗಸ್ಟ್‌ನಲ್ಲಿ ಪೋರ್ಟಲ್ ಸಿಗದೇ ಹೋದಾಗ ಹಣಕಾಸು ಸಚಿವಾಲಯ ಕಂಪನಿಯ ಸಿಇಒ ಸಲೀಲ್ ಪಾರೇಖ್ ಅವರನ್ನೇ ಕರೆಸಿ ವಿವರಣೆ ಕೇಳಿತು. ತೆರೆಯಬಾರದವರಿಗೆ ತೆರೆಯುವ ಬಾಗಿಲು ಒಂದು ದೋಷವಾದರೆ, ತೆರೆಯಬೇಕಾದವರಿಗೆ ತೆರೆಯದ ಬಾಗಿಲು ಇನ್ನೊಂದು. ಅಲ್ಲಿ ಕೂತು ಇಂಥ ಕೋಡ್ ಬರೆಯೋರು ನಾಳೆ ನಾವೇ.

ಕಾನೂನೂ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಜನರ ಮಾಹಿತಿಗೆ ತಕ್ಕ ಭದ್ರತೆ ಕೊಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಇನ್ನೊಂದು ಕಡೆಯೂ ಗೊತ್ತಿರಲಿ. ಅನುಮತಿ ಇಲ್ಲದೆ ಬೇರೆಯವರ ಸಿಸ್ಟಂನಲ್ಲಿ 41ನ್ನು 42 ಮಾಡಿ ಮಾಹಿತಿ ತೆಗೆಯೋದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕೆಳಗೆ ಅಪರಾಧವಾಗಬಹುದು. ದುರುದ್ದೇಶ ಸಾಬೀತಾದರೆ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು. ದೋಷ ಕಂಡರೆ ನಮ್ಮ ಜೂನಿಯರ್ ಮಾಡಿದ ಹಾಗೆ ನೇರ ಬಂದು ಹೇಳಿ. ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಬೇಡಿ.

ನಿಮ್ಮ ಆ್ಯಪ್ ಪರೀಕ್ಷಿಸೋಕೆ ದೊಡ್ಡ ಟೂಲ್ ಏನೂ ಬೇಡ. ಎರಡು ಖಾತೆ ಮಾಡಿ, ಎರಡು ಬೇರೆ ಬ್ರೌಸರ್‌ನಲ್ಲಿ ತೆರೆಯಿರಿ. ಒಂದರಲ್ಲಿ ಸಿಗುವ ಪ್ರತಿ ವಿಳಾಸವನ್ನೂ ಇನ್ನೊಂದರಲ್ಲಿ ಹಾಕಿ ನೋಡಿ. ಆಮೇಲೆ ಲಾಗ್‌ಔಟ್ ಮಾಡಿ ಮತ್ತೆ ಅದೇ ವಿಳಾಸಗಳನ್ನು ಹಾಕಿ. ಅರ್ಧ ಗಂಟೆ ಕೆಲಸ. ಈ ಅರ್ಧ ಗಂಟೆಯನ್ನು ನಾವು ಬಿಡುಗಡೆಗೆ ಮುಂಚೆ ಕೊಟ್ಟಿರ್ಲಿಲ್ಲ.

ಆ್ಯಪ್ ಮುಚ್ಚಿದ ಮರುದಿನ ಎಲ್ಲ ಸದಸ್ಯರಿಗೂ ನಡೆದದ್ದನ್ನು ಮುಚ್ಚಿಡದೆ ಮೇಲ್ ಮಾಡಿದ್ವಿ. 42ನೇ ಸಂಖ್ಯೆಯ ಅಕ್ಕನನ್ನು ಖುದ್ದಾಗಿ ಭೇಟಿ ಮಾಡಿ ಹೇಳಿದ್ವಿ. ಅವರು ಬೈಯ್ಯಲಿಲ್ಲ. “ಪಿಜಿ ಅಡ್ರೆಸ್ ಯಾಕ್ರೋ ಕೇಳಿದ್ರಿ ನೀವು?” ಅಂದ್ರು. ನಮ್ಮ ಹತ್ತಿರ ಉತ್ತರ ಇರ್ಲಿಲ್ಲ. ಫಾರ್ಮ್‌ನಲ್ಲಿ ಜಾಗ ಇತ್ತು, ಹಾಕಿದ್ವಿ ಅಷ್ಟೆ.

ಹೊಸ ‘ಇಂಟರ್ನ್‌ಶಿಪ್ ಡೈರಿ’ಯಲ್ಲಿ ವಿಳಾಸದ ಕಾಲಂ ಇಲ್ಲ.